ದೇವರ ಹೊಲದ ಜೋಳ

ದೊಡ್ಡಪಾಲಯ್ಯನಿಗೆ ಮನುಷ್ಯರೆಂದರೆ ಅಷ್ಟಕ್ಕಷ್ಟೇ, ದನವೆಂದರೆ ಪ್ರಾಣ. ಚಳ್ಳಕೆರೆಯಿಂದ ನಾಯಕನಹಟ್ಟಿಗೆ ಹೋಗುವ ದಾರಿಯ ಒಂದು ಹಟ್ಟಿಯಲ್ಲಿ ಅವನು ಕಿಲಾರಿ, ಅಂದರೆ ದೇವರಿಗೆ ಬಿಟ್ಟ ದನಗಳನ್ನು ಕಾಯುವವನು. ಆ ದನಗಳನ್ನು ನೇಗಿಲಿಗೆ ಹೂಡುವಂತಿಲ್ಲ, ಮಾರುವಂತಿಲ್ಲ; ಸತ್ತರೆ ಮನೆಯವರಂತೆ ಮಣ್ಣು ಮಾಡಬೇಕು. ಮದುವೆಯಾಗು ಎಂದವರಿಗೆಲ್ಲ ಅವನದು ಒಂದೇ ಮಾತು: "ದನದ ರೊಪ್ಪದ ತುಂಬ ಮನೆಮಂದಿ ಐತೆ, ಇನ್ನೂ ಯಾಕೆ?"

ಸಾವಿರದ ಒಂಬೈನೂರ ಹತ್ತರ ಆಸುಪಾಸಿನ ಮಾತು. ಬಿತ್ತನೆಗೆ ಬಂದ ಮಳೆ ಆಮೇಲೆ ಮುಖ ತೋರಿಸಲಿಲ್ಲ. ಮೊಣಕಾಲೆತ್ತರದ ಜೋಳ ಗರಿ ಸುರುಳಿ ಸುತ್ತಿಕೊಂಡು ನಿಂತಿತ್ತು. ಒಂದು ಮಧ್ಯಾಹ್ನ ಹಸಿದ ದನ ಅದೇ ಹಟ್ಟಿಯ ಮುದ್ದಕ್ಕನ ಹೊಲಕ್ಕೆ ನುಗ್ಗಿತು. ಪಾಲಯ್ಯ ಓಡಿಹೋಗಿ ಹೊರಗೆ ಅಟ್ಟುವಷ್ಟರಲ್ಲಿ ಹಿರೀ ಹಸು ತತ್ತರಿಸಿ ಬಿತ್ತು. ಏದುಸಿರು, ಬಾಯಲ್ಲಿ ನೊರೆ. ಅವನು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದರೊಳಗೆ ಜೀವ ಹೋಗಿಬಿಟ್ಟಿತ್ತು. ಅದರ ಕರು ದನ ಕೂಡುವ ರೊಪ್ಪದಲ್ಲಿ ಕೂಗುತ್ತಿತ್ತು.

ಮಳೆಯಿಲ್ಲದಾಗ ಎಳೆ ಜೋಳ ಮೇದು ದನ ಸಾಯುವುದು ಆ ಸೀಮೆಗೆ ಹೊಸದಲ್ಲ. ಹೊಲಕ್ಕೆ ಯಾರದೋ ಕಣ್ಣು ಬಿದ್ದಿದೆ ಎಂದು ಬೂದಿ ಎರಚಿ ಸುಮ್ಮನಾಗುತ್ತಿದ್ದರು. ಆದರೆ ದೇವರ ದನಕ್ಕೆ ಆ ಕಣ್ಣು ತಟ್ಟದು ಎಂಬುದು ಹಟ್ಟಿಯ ಗಟ್ಟಿ ನಂಬಿಕೆ. ದೇವರ ದನವೇ ಸತ್ತಿತೆಂದರೆ ಯಾರೋ ಕೈಯಾರೆ ವಿಷ ಇಟ್ಟಿರಬೇಕು. ಹಸು ಬಿದ್ದ ದಿನವೇ ಬೆಳಿಗ್ಗೆ, "ನನ್ನ ಹೊಲದಾಗೆ ಮೇದ ದನ ಮನೆ ಮುಟ್ಟಲ್ಲ, ನೋಡ್ತಿರು" ಎಂದು ಮುದ್ದಕ್ಕ ಪಾಲಯ್ಯನ ಮೇಲೆ ಹರಿಹಾಯ್ದದ್ದನ್ನು ಹಟ್ಟಿಯೆಲ್ಲ ಕೇಳಿತ್ತು. ಗಂಡ ಸತ್ತವಳು, ಮೇಲೆ ಬಾಯಿ ಜೋರು. ಆಗದವರಿಗೆ ಅಷ್ಟೇ ಸಾಕಾಯಿತು.

ಮಾರನೆಯ ದಿನ ಗುಡಿಕಟ್ಟೆಯ ಮೇಲೆ ಪಂಚಾಯ್ತಿ ಕೂಡಿತು. "ಇವಳಿಗೆ ಬೆಂಕಿ, ನೀರು ಕೊಡಬ್ಯಾಡ್ರಿ. ಹಟ್ಟಿಯಿಂದ ಆಚೆ ಹಾಕ್ರಿ," ಎಂದು ಮೊದಲು ಬಾಯಿ ತೆಗೆದವನೇ ಪಾಲಯ್ಯ. ನಾನು ವಿಷ ಇಟ್ಟಿಲ್ಲ ಎಂದು ಮುದ್ದಕ್ಕ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ಎದ್ದು ನಿಂತವರು ಚಾವಡಿಯಲ್ಲಿ ಇಳಿದುಕೊಂಡಿದ್ದ ಗಿಡದ ಮೇಷ್ಟ್ರು. ನೀರಿಲ್ಲದಾಗ ಬೆಳೆ ಒಳಗೊಳಗೇ ಏನು ಮಾಡುತ್ತದೆ ಎಂದು ಪರೀಕ್ಷೆ ಮಾಡಲು ಮೈಸೂರಿನಿಂದ ಬಂದವರು. ಬಿಸಿಲಲ್ಲಿ ಹೊಲಹೊಲ ತಿರುಗಿ ಎಲೆ ಕೀಳುತ್ತಿದ್ದ ಈ ಮನುಷ್ಯನಿಗೆ ತಲೆ ಸರಿಯಿಲ್ಲವೆಂದು ಹಟ್ಟಿ ಆಗಲೇ ತೀರ್ಮಾನಿಸಿತ್ತು. ಅವರು ಮುದ್ದಕ್ಕನ ಹೊಲದ ಗರಿ ತರಿಸಿ, ಜಜ್ಜಿ, ಗಾಜಿನ ಸೀಸೆಗೆ ಹಾಕಿದರು. ಮದ್ದು ಸವರಿದ ಹಳದಿ ಕಾಗದದ ಚೂರನ್ನು ಒಳಗೆ ಇಳಿಬಿಟ್ಟು, ಬಿರಡೆ ಹಾಕಿ ಬಿಸಿಲಿಗಿಟ್ಟರು.

"ವಿಷ ಇದ್ದರೆ ಕಾಗದ ಕೆಂಪಾಗುತ್ತೆ," ಎಂದರು. ಕಾಗದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ಇನ್ನೇನು ಬೇಕು?" ಎಂದ ಪಾಲಯ್ಯ.

"ಇನ್ನೊಂದು ಹೊಲದ ಗರಿ ಬೇಕು. ಯಾರೂ ವಿಷ ಇಡಲಾರದಂಥ ಹೊಲ ಇದೆಯೇ?"

ಹಟ್ಟಿಯ ಯಜಮಾನ ಪಾತಣ್ಣ ಗಡ್ಡ ನೀವಿಕೊಂಡು, "ದೇವರ ಹೊಲ ಐತಲ್ರಿ," ಎಂದ. ಗುಡಿಯ ಹಿಂದಿನ ಆ ಹೊಲಕ್ಕೆ ಕಿಲಾರಿಯ ಹೊರತು ಇನ್ನೊಬ್ಬರು ಕಾಲಿಡುವಂತಿರಲಿಲ್ಲ. ಪಾಲಯ್ಯ ಬರಿಗಾಲಲ್ಲಿ ಹೋಗಿ, ಕೈಮುಗಿದು, ಬಾಡಿದ ಗರಿ ಮುರಿದು ತಂದ. ತಾನೇ ಜಜ್ಜಿದ, ತಾನೇ ಸೀಸೆಗೆ ತುಂಬಿದ.

ಹೊಸ ಕಾಗದದ ಅಂಚು ಮೊದಲು ಕಂದಿತು. ಆಮೇಲೆ ಕೆಂಪು ನಿಧಾನವಾಗಿ ಮೇಲೇರಿತು. ಆ ಹೊಲ ಬಿತ್ತಿದವನು ಪಾಲಯ್ಯ, ಕಾದವನೂ ಅವನೇ.

"ಯಾರು ಇಟ್ರು ಸ್ವಾಮಿ?" ಎಂದು ಮೇಷ್ಟ್ರನ್ನು ಕೇಳಿದ.

"ಯಾರೂ ಇಟ್ಟಿಲ್ಲಪ್ಪ. ಜೋಳವೇ ಮಾಡಿಕೊಂಡಿದೆ. ಮೇಯಲು ಬಂದ ದನವನ್ನು ಹಾಯಲು ಅದಕ್ಕೆ ಕೊಂಬಿಲ್ಲ, ಓಡಲು ಕಾಲಿಲ್ಲ. ಎಳೆಯದರಲ್ಲಿ ತನ್ನನ್ನು ಕಾಯ್ದುಕೊಳ್ಳಲು ಗರಿಯೊಳಗೆ ಇಂಥದ್ದೊಂದನ್ನು ಕೂಡಿಟ್ಟುಕೊಳ್ಳುತ್ತೆ. ನೀರು ಸಿಗದೆ ಕುಗ್ಗಿದರೆ ಅದು ಇನ್ನೂ ಹೆಚ್ಚುತ್ತೆ. ಗರಿ ಹಲ್ಲಿಗೆ ಸಿಕ್ಕು ಜಜ್ಜಿದಾಗ ವಿಷ ಹೊರಬೀಳುತ್ತೆ. ಮಳೆಯಾಗಿ ತೆನೆ ಬಲಿತರೆ ಇಳಿದುಹೋಗುತ್ತೆ. ದೇವರ ದನ ಯಾವುದು, ಊರ ದನ ಯಾವುದು ಅಂತ ಅದಕ್ಕೇನು ಗೊತ್ತು?"

ಪಾಲಯ್ಯ ಸೀಸೆಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಹಲ್ಲು ಬಂದಾಗಿನಿಂದ ಜೋಳದ ರೊಟ್ಟಿ ತಿಂದವನು. ಈ ಬಯಲಲ್ಲಿ ಹಗಲೂ ಇರುಳೂ ಕಾಯುವವನು ತಾನೊಬ್ಬನೇ ಎಂದುಕೊಂಡಿದ್ದ. ಬಾಯಿಲ್ಲದ ಗರಿಯೂ ಬಾಯಾರಿ ನಿಂತಲ್ಲೇ ತನ್ನ ಕಾವಲು ಕಾಯುತ್ತಿತ್ತಲ್ಲ ಎಂದು ನೆನೆದು ಅವನಿಗೆ ಹೆದರಿಕೆಯೂ ಆಯಿತು, ಕೈಮುಗಿಯಬೇಕು ಎಂದೂ ಅನ್ನಿಸಿತು.

"ದೇವರ ಹೊಲಾನೂ ಹಟ್ಟಿಯಿಂದ ಆಚೆ ಹಾಕ್ತೀಯೇನಣ್ಣ?" ಎಂದಳು ಮುದ್ದಕ್ಕ.

ಪಾತಣ್ಣ ಟವಲು ಕೊಡವಿ ಎದ್ದ. ಪಂಚಾಯ್ತಿ ಅಲ್ಲಿಗೆ ಮುರಿಯಿತು.

ಮಳೆ ತಡವಾದರೂ ಬಂತು. ಕೊಯ್ಲು ಮುಗಿದ ಮೇಲೆ ಮುದ್ದಕ್ಕ ಅದೇ ಹೊಲದ ಬಲಿತ ದಂಟಿನ ಹೊರೆ ಹೊತ್ತು ರೊಪ್ಪದ ಬಾಗಿಲಿಗೆ ಬಂದಳು. ತಬ್ಬಲಿ ಕರು ಮೂತಿ ಚಾಚಿತು. ಪಾಲಯ್ಯ ಥಟ್ಟನೆ ಅದರ ಕೊರಳು ಹಿಡಿದ.

"ನನ್ನ ಮ್ಯಾಲೆ ಅನುಮಾನ ಇನ್ನೂ ಹೋಗಿಲ್ವಾ?"

"ನಿನ್ನ ಮ್ಯಾಲಲ್ಲ ಕಣವ್ವ. ಇದನ್ನ ಒಂದು ಮಾತು ಕೇಳ್ಕಂತೀನಿ."

ಒಂದು ದಂಟು ಮುರಿದು ಕಣ್ಣಿಗೊತ್ತಿಕೊಂಡ. ಸಿಗಿದು, ಬಾಯಿಗಿಟ್ಟು, ಕಣ್ಣು ಮುಚ್ಚಿ ಜಗಿದ. ಸಿಹಿಯಾಗಿತ್ತು. ತನಗೇನೂ ಆಗುವುದಿಲ್ಲವೆಂದು ಕಾದು ನೋಡಿ, ಆಮೇಲೆ ಕರುವಿನ ಕೊರಳು ಬಿಟ್ಟ.