ಶುಕ್ರವಾರದ ಖರ್ಚು

ಗಾಂಧಿ ಬಜಾರಿಗೆ ಹೂವು ತರಲು ಹೊರಟವನು ಇವತ್ತು ಕಾಫಿಪುಡಿ ಅಂಗಡಿಯ ಮುಂದೆ ನಿಂತುಬಿಟ್ಟೆ. ಒಳಗೆ ಬೀಜ ಹುರಿಯುತ್ತಿದ್ದರು. ಆ ವಾಸನೆಯ ಚಾಳಿ ನಿಮಗೂ ಗೊತ್ತಿರಬೇಕು. ಹೋಗುವವರನ್ನು ತಡೆದು ನಿಲ್ಲಿಸಿ, ಎಲ್ಲಿಗೆ ಹೊರಟಿದ್ದೆವು ಎಂಬುದನ್ನೇ ಮರೆಸಿಬಿಡುತ್ತದೆ. ಚಾಮರಾಜಪೇಟೆಯಲ್ಲಿ ನಮ್ಮ ಗೌರತ್ತೆ ಇಟ್ಟಿದ್ದ ಅಂಗಡಿ ಕಣ್ಣ ಮುಂದೆ ಬಂತು.

ಗೌರತ್ತೆ ನನ್ನ ತಂದೆಯ ತಂಗಿ. ಗಂಡ ತೀರಿಕೊಂಡ ಮೇಲೆ ದೊಡ್ಡಪ್ಪನ ಮನೆಯಲ್ಲಿದ್ದಳು. ದೊಡ್ಡಪ್ಪನಿಗೆ ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ, ಮನೆ ತುಂಬ ಜನ, ಅಷ್ಟು ಜನಕ್ಕೂ ಅಡಿಗೆ ಅತ್ತೆಯದೇ. ಒಂದು ದಿನ ಅವಳು ತನ್ನ ಚಿನ್ನದ ಬಳೆ ಮಾರಿ, ಒಂದು ಕೋಣೆ ಬಾಡಿಗೆಗೆ ಹಿಡಿದು, ಕಾಫಿಪುಡಿ ವ್ಯಾಪಾರ ಶುರುಮಾಡಿಯೇಬಿಟ್ಟಳು.

ದೊಡ್ಡಪ್ಪ ಕೂಗಾಡಲಿಲ್ಲ. "ಯುಗಾದಿ ಹತ್ರ ಬರೋವರೆಗೂ ನಡ್ಸು. ಆಮೇಲೆ ಬಂದು ಲೆಕ್ಕ ನೋಡ್ತೀನಿ. ತಾಳೆ ಆಗ್ಲಿಲ್ಲ ಅಂದ್ರೆ ಬಾಗ್ಲು ಹಾಕಿ ಮನೆಗೆ ಬಂದ್ಬಿಡು," ಎಂದರು.

ಅತ್ತೆ ನನ್ನ ಹತ್ತಿರ ಹೇಳಿದ್ದೇ ಬೇರೆ. "ಅಲ್ಲಿ ಅನ್ನಕ್ಕೇನೂ ಕೊರತೆಯಿಲ್ಲ ಕಣೋ. ಆದ್ರೆ ಒಂದು ಲೋಟ ಕಾಫಿ ಬೇಕಂದ್ರೂ ಯಾರ್ದಾದ್ರೂ ಮುಖ ನೋಡ್ಬೇಕು. ನಾನು ಮತ್ತೆ ಅಲ್ಲಿಗೆ ಹೋಗಲ್ಲ."

ಆಗ ನಾನು ಕಾಲೇಜಿನಲ್ಲಿ ಕಾಮರ್ಸ್ ಓದುತ್ತಿದ್ದೆ. ಯಾರೂ ಕೇಳದಿದ್ದರೂ ಅತ್ತೆಗೆ ಗುರುವಾದೆ. ಎಡಗಡೆ ಜಮಾ, ಬಲಗಡೆ ಖರ್ಚು, ಸಂಜೆ ಕೂಡಿ ಕಳೆದು ಉಳಿದದ್ದು ಗಲ್ಲಾಪೆಟ್ಟಿಗೆಯಲ್ಲಿರಬೇಕು ಎಂದು ಬಹಳ ಗತ್ತಿನಿಂದ ಪಾಠ ಹೇಳಿದೆ. ಅವಳು ಬೀಜ ಪುಡಿಮಾಡುವ ಮಿಷನ್ನಿನ ಚಕ್ರ ತಿರುಗಿಸುತ್ತ ಹೂಂಗುಟ್ಟುತ್ತಿದ್ದಳು. ಹೊರಗೆ ಹೊಂಗೆಯ ನೆರಳು, ದೂರದಲ್ಲಿ ಜಟಕಾ ಕುದುರೆಯ ಗೆಜ್ಜೆ. ನನ್ನ ನೆನಪಿನಲ್ಲಿ ಆ ಅಂಗಡಿಗೆ ಬೆಳಗೂ ಇಲ್ಲ, ರಾತ್ರಿಯೂ ಇಲ್ಲ. ಯಾವಾಗಲೂ ತೂಕಡಿಕೆ ಬರುವಂಥ ಮಧ್ಯಾಹ್ನವೇ.

ಯುಗಾದಿ ಸಮೀಪಿಸಿತು. ಒಂದು ಶುಕ್ರವಾರ ದೊಡ್ಡಪ್ಪ ಬಂದರು. ಕನ್ನಡಕ ಏರಿಸಿ ಪುಸ್ತಕ ನೋಡಿದರು, ಆಮೇಲೆ ಗಲ್ಲಾ ಎಣಿಸಿದರು. ಮತ್ತೆ ಪುಸ್ತಕ ನೋಡಿದರು.

"ಗೌರಿ, ಪುಸ್ತಕದಲ್ಲಿರೋ ದುಡ್ಡು ಪೆಟ್ಟಿಗೇಲಿ ಇಲ್ವಲ್ಲ. ಎಲ್ಲಿ ಹೋಯ್ತು?"

ಗುರುಗಳಾದ ನಾವು ಸೂರು ನೋಡುತ್ತ ನಿಂತೆವು. ದೊಡ್ಡಪ್ಪ ಹಾಳೆ ತಿರುವುತ್ತ ಹೋಗಿ ಒಂದು ಕಡೆ ಬೆರಳಿಟ್ಟರು. ಪ್ರತಿ ಶುಕ್ರವಾರವೂ ಬಲಗಡೆ ಖಾಲಿ. ಕಾಫಿಬೀಜದವನು ಬರುತ್ತಿದ್ದುದೇ ಶುಕ್ರವಾರ!

"ಶುಕ್ರವಾರ ಲಕ್ಷ್ಮೀನ ಹೊರಗೆ ಕಳಿಸಬಾರದಲ್ಲಣ್ಣ," ಎಂದಳು ಅತ್ತೆ. "ಬೀಜದೋನು ಬಂದು ನಿಂತ್ರೆ ಕೊಡದೆ ಇರಕ್ಕಾಗುತ್ತಾ? ತಪ್ಪಾಯ್ತಮ್ಮ ಅಂತ ಮನಸ್ಸಲ್ಲೇ ಕೈ ಮುಗಿದು ಕೊಟ್ಬಿಡ್ತೀನಿ. ಆದ್ರೆ ಹೋದ್ಲು ಅಂತ ಕೈಯಾರೆ ಬರೆಯೋದು ಹೇಗೆ? ಚೀಟಿ ಎಲ್ಲಾ ಇದೆ, ನೋಡು." ಗೋಡೆಯ ತಂತಿಗೆ ಚುಚ್ಚಿಟ್ಟಿದ್ದ ಚೀಟಿಗಳನ್ನು ತಂದಿಟ್ಟಳು. ಅಡಿಗೆಮನೆಗೆ ವಾಪಸು ಹೋಗಬೇಕಾಗುತ್ತದೆಂದು ಅವಳಿಗೆ ಖಾತ್ರಿಯಾಗಿತ್ತು.

ದೊಡ್ಡಪ್ಪ ಗದರಿಸುತ್ತಾರೆಂದುಕೊಂಡೆ. ಅವರು ಚೀಟಿಗಳನ್ನು ಕೂಡಿಸಿ, ಮೂಲೆಯಲ್ಲಿದ್ದ ಮೂಟೆಗಳನ್ನು ನೋಡಿದರು.

"ಲಕ್ಷ್ಮಿ ಎಲ್ಲಿಗೆ ಹೋದ್ಲೇ? ಮೂಲೇಲಿ ಕೂತಿದಾಳೆ ನೋಡು. ಸೀರೆ ಬದಲಾಯಿಸಿದಾಳೆ, ಅಷ್ಟೆ. ನಾಳೆ ಪುಡಿ ಮಾರಿದ್ರೆ ಮತ್ತೆ ದುಡ್ಡಿನ ಸೀರೆ ಉಟ್ಕೊಂಡು ಬರ್ತಾಳೆ. ಹೋಗೋದು ಬರೀವಾಗ, ಅದರ ಬದಲು ಬಂದಿದ್ದೇನು ಅಂತಾನೂ ಬರಿ."

"ಬಾಡಿಗೆ ಕೊಟ್ಟಿದ್ದಕ್ಕೆ ಏನ್ ಬಂತು?" ಎಂದಳು ಅತ್ತೆ.

ಸೀರೆ ವ್ಯಾಪಾರಿ ಬಾಗಿಲ ಕಡೆ ನೋಡಿದರು. "ತಿಂಗಳೆಲ್ಲ ಈ ಬಾಗ್ಲು ನಿಂದಾಗಿತ್ತಲ್ಲ," ಎಂದರು.

ನನ್ನ ಕಾಲೇಜಿನ ದಪ್ಪ ಪುಸ್ತಕ ಇದನ್ನೇ ಹೇಳುತ್ತಿತ್ತು. ಆದರೆ ಅದರಲ್ಲಿ ಲಕ್ಷ್ಮಿಯೂ ಇರಲಿಲ್ಲ, ಸೀರೆಯೂ ಇರಲಿಲ್ಲ, ಹಾಗಾಗಿ ನನ್ನ ತಲೆಗೆ ಹೋಗಿರಲಿಲ್ಲ.

ಅಷ್ಟರಲ್ಲಿ ಬೀಜದವನು ಬಂದು ಮೂಟೆ ಇಳಿಸಿದ. ಅತ್ತೆ ದುಡ್ಡು ಕೊಟ್ಟಳು. ದೊಡ್ಡಪ್ಪ ಪುಸ್ತಕವನ್ನು ಅವಳ ಕಡೆಗೆ ತಳ್ಳಿದರು. ಅವಳು ಕೈ ತೊಳೆದು ಬಂದು, ಪೆನ್ನನ್ನು ಕಣ್ಣಿಗೊತ್ತಿಕೊಂಡು, ಬಲಗಡೆಯ ಬಿಳಿ ಜಾಗದಲ್ಲಿ ನಿಧಾನವಾಗಿ ಬರೆದಳು. ನಾವು ಮೂವರೂ ಗಲ್ಲಾಪೆಟ್ಟಿಗೆಯನ್ನೇ ನೋಡಿದೆವು. ಏನೂ ಆಗಲಿಲ್ಲ. ಯಾರೋ ಬಂದು ಕಾಲು ಪೌಂಡು ಪುಡಿ ಕೇಳಿದರು.

ದೊಡ್ಡಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಅತ್ತೆ ಪೊಟ್ಟಣ ಕಟ್ಟುತ್ತಲೇ ಅವರ ಮುಖ ನೋಡುತ್ತಿದ್ದಳು.

"ಈ ಪುಸ್ತಕ ಮುಗೀತಾ ಬಂತು," ಎಂದರು. "ಯುಗಾದಿಗೆ ಹೊಸದು ನಾನೇ ತಂದ್ಕೊಡ್ತೀನಿ."

ಗಿರಾಕಿಯ ಎದುರೇ ಅತ್ತೆ ಅತ್ತುಬಿಟ್ಟಳು.

ಅತ್ತೆ ಹೋಗಿ ಬಹಳ ಕಾಲವಾಯಿತು. ಇಷ್ಟು ವರ್ಷ ಅವಳು ನೆನಪಾದಾಗಲೆಲ್ಲ ನಾನು ಅವಳು ಇಲ್ಲವಲ್ಲ ಎಂಬುದನ್ನಷ್ಟೇ ನೆನೆಯುತ್ತಿದ್ದೆ. ಇವತ್ತು ಮಾತ್ರ ಒಂದು ಇಡೀ ಮಧ್ಯಾಹ್ನ ಅವಳ ಅಂಗಡಿಯಲ್ಲಿ ಕಳೆದು ಬಂದ ಹಾಗಾಯಿತು.

"ಏನ್ ಸಾರ್ ಕೊಡ್ಲಿ?" ಎಂದ ಅಂಗಡಿಯ ಹುಡುಗ.

"ಏನೂ ಬೇಡಪ್ಪ. ಇನ್ನೊಂದು ಸ್ವಲ್ಪ ಹೊತ್ತು ಇಲ್ಲೇ ನಿಂತಿರ್ತೀನಿ," ಎಂದೆ.