ಎಪ್ಪತ್ತೊಂದರ ತೂಕ

ಪೀಣ್ಯದಲ್ಲಿ ಲಾರಿ ತೂಗುವುದು ನನ್ನ ಕೆಲಸ. ಓದಿದ್ದು ಏಳನೇ ಕ್ಲಾಸು. ಆದರೂ ಹತ್ತೊಂಬತ್ತು ವರ್ಷದಲ್ಲಿ ನಾನು ಕೊಟ್ಟ ಚೀಟಿ ತಪ್ಪೆಂದು ಯಾರೂ ವಾಪಸ್ ತಂದಿಲ್ಲ. ಲಾರಿಯನ್ನು ಮೊದಲು ಖಾಲಿ ತೂಗಬೇಕು, ಆಮೇಲೆ ಲೋಡಿನ ಜೊತೆ. "ಅಣ್ಣ, ನಿನ್ನೆ ಖಾಲಿ ತೂಗಿದ ಚೀಟಿನೇ ಹಾಕ್ಕೊಳಿ, ಲೇಟಾಗ್ತದೆ" ಎಂದು ಡ್ರೈವರ್‌ಗಳು ಗೋಗರೆಯುತ್ತಾರೆ. ನಾನು ಒಪ್ಪಿದವನಲ್ಲ.

ರಾಷ್ಟ್ರಪತಿ ಚುನಾವಣೆಯ ವಾರ ಮತದಾರರ ಪಟ್ಟಿಯ ಮೇಡಂ ನಮ್ಮ ಬಾಡಿಗೆ ಮನೆಗೆ ಬಂದರು. ಸರ್ಕಾರಿ ಶಾಲೆಯ ಟೀಚರು. ಯಾದಗಿರಿ ಕಡೆಯ ನಮ್ಮೂರಿನ ಪಟ್ಟಿಯಿಂದ ನನ್ನ ಹೆಸರು ತೆಗೆದು ಇಲ್ಲಿಗೆ ಸೇರಿಸುವ ಫಾರಂ ತಂದಿದ್ದರು. ಕರೆಸಿದವಳು ನನ್ನ ಹೆಂಡತಿ; ಅವಳ ಹೆಸರು ಆಗಲೇ ಇಲ್ಲಿ ಸೇರಿತ್ತು. ನನಗೆ ಮನಸ್ಸಿರಲಿಲ್ಲ. ಹೊಲ, ಮನೆ ಅಣ್ಣನ ಪಾಲಾದ ಮೇಲೆ ಊರಲ್ಲಿ ನನ್ನದೆಂದು ಉಳಿದಿದ್ದು ಆ ಪಟ್ಟಿಯ ಒಂದು ಸಾಲು ಮಾತ್ರ. ಅದನ್ನು ಹೇಳಲು ನಾಚಿಕೆಯಾಗಿ, ಚುನಾವಣೆ ಸುದ್ದಿ ಬರುತ್ತಿದ್ದ ಟಿವಿ ಕಡೆ ಕೈ ತೋರಿಸಿದೆ.

"ಮೇಡಂ, ರಾಷ್ಟ್ರಪತಿ ಆರಿಸೋದಕ್ಕೆ ನನ್ನ ಓಟು ಎಲ್ಲಿದ್ರೆ ತೂಕ ಜಾಸ್ತಿ? ಇಲ್ಲೋ, ಊರಲ್ಲೋ?"

"ಅದಕ್ಕೆ ನೀವು ಓಟೇ ಹಾಕಲ್ಲ ಅಣ್ಣ. ಎಮ್ಮೆಲ್ಲೆ, ಎಂಪಿಗಳು ಹಾಕೋದು. ನಮ್ಮ ರಾಜ್ಯದ ಒಬ್ಬೊಬ್ಬ ಎಮ್ಮೆಲ್ಲೆ ಓಟಿಗೂ ನೂರಾ ಮೂವತ್ತೊಂದು ಬೆಲೆ. ರಾಜ್ಯದ ಜನಸಂಖ್ಯೆ ಮೇಲೆ ಲೆಕ್ಕ ಹಾಕಿರೋದು."

"ಇಲ್ಲಿನ ಎಮ್ಮೆಲ್ಲೆ ಹಿಂದೆ ಇಷ್ಟೊಂದು ಜನ, ನಮ್ಮೂರ ಕಡೆ ಎಮ್ಮೆಲ್ಲೆ ಹಿಂದೆ ಅಷ್ಟಿಲ್ಲ. ಇಬ್ರಿಗೂ ಒಂದೇ ತೂಕನಾ?"

"ಒಂದೇ. ಅದೂ ಎಪ್ಪತ್ತೊಂದರ ಜನಗಣತಿದು."

"ನಾನು ಹುಟ್ಟಿದ್ದೇ ಎಪ್ಪತ್ನಾಲ್ಕು!"

ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಅಂದ್ರ ನೀವು ಲೆಕ್ಕದಾಗ ಇಲ್ಲೇ ಇಲ್ಲ ಬಿಡ್ರಿ! ನಾ ಮೊದ್ಲಿಂದ ಅದನ್ನ ಹೇಳಾಕತ್ತೀನಿ."

ಮೇಡಂ ನಕ್ಕರು. ನನಗೆ ನಗು ಬರಲಿಲ್ಲ. ಐವತ್ತು ವರ್ಷದ ಹಿಂದಿನ ಚೀಟಿ ಇಟ್ಟುಕೊಂಡು ಇವತ್ತಿನ ಲೋಡು ತೂಗುವುದೆಂದರೇನು? ನಾನು ಹಾಗೆ ಮಾಡಿದರೆ ಮಾಲೀಕ ಅವತ್ತೇ ಮನೆಗೆ ಕಳಿಸುತ್ತಾನೆ. ಕೇಳಿಯೇಬಿಟ್ಟೆ.

"ಮಕ್ಕಳು ಕಮ್ಮಿ ಮಾಡ್ಕೊಂಡ ರಾಜ್ಯಗಳಿಗೆ ಅನ್ಯಾಯ ಆಗ್ಬಾರ್ದು ಅಂತ ಹಾಗೇ ಬಿಟ್ಟಿದ್ದಾರೆ ಅಣ್ಣ" ಎಂದರು. ಅದೂ ಸರಿಯೆನಿಸಿತು. ನನ್ನದೂ ಸರಿಯೆನಿಸಿತು. ತಲೆ ಕೆಟ್ಟು ಕೂತೆ.

ಎಪ್ಪತ್ತೊಂದರಲ್ಲಿ ನಮ್ಮ ಮನೆಯಲ್ಲಿ ಎಣಿಸಿದ್ದು ಅಪ್ಪ, ಅವ್ವ, ತೊಟ್ಟಿಲಲ್ಲಿದ್ದ ಅಣ್ಣ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ನೂರಾ ಮೂವತ್ತೊಂದರಲ್ಲಿ ಇನ್ನೂ ಇದ್ದಾನೆ. ದಿನಾ ಎದ್ದು ಲಾರಿ ತೂಗುವ ನಾನು ಇಲ್ಲ.

"ಮೇಡಂ, ನಾನು ಊರಿನ ಪಟ್ಟಿ ಬಿಟ್ರೆ ನಮ್ಮಪ್ಪನ ಲೆಕ್ಕಕ್ಕೆ ಏನೂ ಆಗಲ್ವಾ?"

ಅವರು ನನ್ನ ಮುಖ ನೋಡಿದರು. "ಏನೂ ಆಗಲ್ಲ ಅಣ್ಣ. ಅದು ಹಾಗೇ ಇರ್ತದೆ."

ಸೈನ್ ಹಾಕಿದೆ. ಹಳೆಯ ವಿಳಾಸದ ಜಾಗದಲ್ಲಿ ಊರಿನ ಹೆಸರನ್ನು ಮೇಡಂ ಕೈಯಲ್ಲಿ ಬರೆಸದೆ ನಾನೇ ಬರೆದೆ, ನಿಧಾನವಾಗಿ. ಅವರು ಹೋದ ಮೇಲೆ ಹೆಂಡತಿ ಟೀ ತಂದು ಕೇಳಿದಳು: "ಈಗ ತೂಕ ಹೆಚ್ಚಾತೋ, ಕಡಿಮಿ ಆತೋ?"

"ಗೊತ್ತಿಲ್ಲ ಮಾರಾಯ್ತಿ" ಎಂದೆ. ತೂಕ ಕೇಳಿದವರಿಗೆ ಹಾಗೆ ಹೇಳಿದ್ದು ಅದೇ ಮೊದಲು.