ಲವೀನಾಳ ಸುಸ್ತಿಗೆ ಕಾರಣ

ನನ್ನ ತಂಗಿ ಲವೀನಾಳಿಗೆ ನಾನು ಸುಳ್ಳು ಹೇಳಿದೆ. ಅವಳ ಸುಸ್ತಿಗೆ ಕಾಯಿಲೆಯೇ ಕಾರಣ ಎಂದು ತಿಳಿದಿದ್ದೂ, ಅದು ಅವಳ ಸ್ವಭಾವ ಎಂದು ನಂಬಿಸಿದೆ. ಅವಳು ನಂಬಿದಳು — ಅಕ್ಕನಲ್ಲವೇ ನಾನು.

ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಎಂದು ಗೊತ್ತಾದ ಮೇಲೆ ಕುಲಶೇಖರದ ನಮ್ಮ ಮನೆ ಅವಳ ಸುತ್ತಲೇ ತಿರುಗತೊಡಗಿತು. ಬಲ್ಮಠದ ಆಫೀಸಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ನಾನು ಪಾತ್ರೆ ತೊಳೆಯುತ್ತಿದ್ದರೆ, ಅವಳು ಫ್ಯಾನಿನ ಕೆಳಗೆ ಮಲಗಿರುತ್ತಿದ್ದಳು. ಅಮ್ಮ ಮೀನಿನ ಮುಳ್ಳು ಬಿಡಿಸಿ ಅವಳ ತಟ್ಟೆಗೆ ಹಾಕುತ್ತಿದ್ದರು. ನನಗೂ ಸುಸ್ತಾಗುತ್ತದೆ ಎಂದು ಯಾರಿಗಾದರೂ — ಬಿಡಿ, ವಿಷಯ ಅದಲ್ಲ. ವಿಷಯ ರೋಶನ್.

ರೋಶನ್ ನನ್ನ ಸಹೋದ್ಯೋಗಿ. ಅವನನ್ನು ಮೊದಲು ಮನೆಗೆ ಕರೆತಂದವಳು ನಾನು, ನನಗಾಗಿ. ಅವನು ಮೆಚ್ಚಿದ್ದು ಲವೀನಾಳನ್ನು. ಕಾಯಿಲೆಯ ಸುದ್ದಿ ಕೇಳಿದ ಮೇಲಾದರೂ ಹಿಂದೆ ಸರಿಯುತ್ತಾನೆಂದು ಕಾದೆ. ಹೌದು, ಕಾದೆ. ಅವನು ಮದುವೆಯ ಮಾತೆತ್ತಿದ. ಕರೆಂಟು ಹೋದಾಗ ಅವಳ ಪಕ್ಕ ಕೂತು ಪೇಪರಿನಿಂದ ಗಾಳಿ ಹಾಕುತ್ತಿದ್ದ. ಅಡುಗೆಮನೆಯಲ್ಲಿ ಬೆವರುತ್ತಾ ನಾನು ನೋಡುತ್ತಿದ್ದೆ.

ಅವಳೊಡನೆ ಆಸ್ಪತ್ರೆಗೆ ಹೋಗುತ್ತಿದ್ದವಳು ನಾನೇ. ಒಮ್ಮೆ ನರ್ಸ್ ಅವಳನ್ನು ಕಣ್ಣಿನ ಪರೀಕ್ಷೆಗೆಂದು ಬೇರೆ ಕೋಣೆಗೆ ಕರೆದೊಯ್ದಾಗ ನಾನು ಡಾಕ್ಟರರನ್ನು ದೂರುವ ದನಿಯಲ್ಲಿ ಕೇಳಿದೆ: "ಅವಳಿಗೆ ಇಷ್ಟು ಸುಸ್ತು ಎಂತಕ್ಕೆ ಡಾಕ್ಟ್ರೇ? ಇಡೀ ದಿನ ಮಲಗಿಯೇ ಇರ್ತಾಳೆ."

ಅವರು ತಾಳ್ಮೆಯಿಂದ ವಿವರಿಸಿದರು. ನರಗಳ ಮೇಲಿನ ಹೊದಿಕೆ ಹಾಳಾಗಿರುವುದರಿಂದ ಸಣ್ಣ ಕೆಲಸಕ್ಕೂ ಅವಳ ಮಿದುಳು ನಮಗಿಂತ ಹೆಚ್ಚು ದುಡಿಯಬೇಕು. ಸೆಕೆ ಅದನ್ನು ಹೆಚ್ಚಿಸುತ್ತದೆ. ರಾತ್ರಿ ಕಾಲು ಸೆಳೆದು ನಿದ್ದೆ ಕೆಡುತ್ತದೆ. ಕೆಲವರಿಗೆ ಔಷಧಿಯಿಂದ, ಕೆಲವರಿಗೆ ಮನಸ್ಸು ಕುಗ್ಗಿದ್ದರಿಂದಲೂ ಸುಸ್ತು ಬರುತ್ತದೆ. "ಎಲ್ಲ ಕಾರಣ ನಮಗೂ ಗೊತ್ತಿಲ್ಲ. ಆದ್ರೆ ಅವಳು ಸೋಮಾರಿ ಅಲ್ಲ. ಮನೆಯಲ್ಲಿ ಹೇಳಿ, ಅವಳಿಗೂ ಹೇಳಿ" ಎಂದರು.

ಹಿಂದಿರುಗುವಾಗ ರಿಕ್ಷಾದಲ್ಲಿ ಲವೀನಾ ಕೇಳಿದಳು: "ಸುಸ್ತಿನ ಬಗ್ಗೆ ಕೇಳಿದಿಯಾ? ಇದು ಕಾಯಿಲೆಯಿಂದವಾ, ಅಲ್ಲ ನಾನೇ ಹೀಗಾ?"

"ಕಾಯಿಲೆಗೂ ಇದಕ್ಕೂ ಸಂಬಂಧ ಇಲ್ಲ ಅಂತೆ. ನೀನು ಮನಸ್ಸು ಮಾಡಿದ್ರೆ ಸರಿ ಆಗ್ತದೆ."

ಎಷ್ಟು ಸಲೀಸಾಗಿ ಬಂತು ಆ ಮಾತು!

ಅವಳು ಮನಸ್ಸು ಮಾಡಿದಳು. ಮೇ ತಿಂಗಳ ಬಿಸಿಲಲ್ಲಿ ಅಂಗಳ ಗುಡಿಸಿ ಕುಸಿದು ಬಿದ್ದಳು. ಎದ್ದು ಮತ್ತೆ ಪ್ರಯತ್ನಿಸಿದಳು. ಸೋತಾಗಲೆಲ್ಲ ತನ್ನನ್ನೇ ಬೈದುಕೊಂಡಳು. ಕೊನೆಗೆ ರೋಶನ್‌ನಿಗೆ ಬೇಡ ಎಂದಳು. "ಕಾಯಿಲೆ ಆದ್ರೆ ಅವನು ಸಹಿಸಿಯಾನು. ಸೋಮಾರಿಯನ್ನು ಎಂತಕ್ಕೆ ಕಟ್ಟಿಕೊಳ್ಬೇಕು ಮಾರಾಯ್ತಿ?" ಎಂದು ನನ್ನ ಹೆಗಲಿಗೊರಗಿ ಅತ್ತಳು. ಆಗ ಹೇಳಬಹುದಿತ್ತು. ಅವಳ ಬೆನ್ನು ಸವರಿದೆ, ಅಷ್ಟೇ. ರೋಶನ್ ಕೆಲಸ ಬಿಟ್ಟು ಊರು ಬಿಟ್ಟ. ನನಗೆ ಹೇಳಿಯೂ ಹೋಗಲಿಲ್ಲ. ಬೇರೆ ಯಾರನ್ನೋ ಮದುವೆಯಾದ.

ಕಳೆದ ವರ್ಷ ಹೊಸ ಡಾಕ್ಟರೊಬ್ಬರು ಅದೆಲ್ಲವನ್ನೂ ನೇರ ಅವಳಿಗೇ ವಿವರಿಸಿದರು. ಹೊರಗೆ ಬಂದವಳೇ ನನ್ನ ಕೈ ಹಿಡಿದು ಅಳುತ್ತಾ ನಕ್ಕಳು: "ಕೇಳಿದಿಯಾ? ನಾನು ಸೋಮಾರಿ ಅಲ್ಲ ಅಂತೆ! ಆಗಿನ ಡಾಕ್ಟ್ರಿಗೆ ಪಾಪ, ಇದು ಗೊತ್ತಿರ್ಲಿಲ್ಲ ಅಲ್ವಾ?"

'ಹೌದು' ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಗೊತ್ತಿತ್ತು" ಎಂದೆ. "ನನಗೆ ಹೇಳಿದ್ರು. ನಾನು ನಿನಗೆ ಹೇಳ್ಲಿಲ್ಲ."

ಅವಳು ಕೈ ಬಿಟ್ಟಳು. "ಎಂತಕ್ಕೆ?"

"ಹೊಟ್ಟೆಕಿಚ್ಚು."

ಬೇರೆ ಪದ ಹುಡುಕಲಿಲ್ಲ. ಇರಲೂ ಇಲ್ಲ.

ಈಗ ಅವಳು ಆಸ್ಪತ್ರೆಗೆ ಅಮ್ಮನೊಡನೆ ಹೋಗುತ್ತಾಳೆ. "ಅಕ್ಕನೊಟ್ಟಿಗೆ ಯಾಕೆ ಹೋಗುದಿಲ್ಲ?" ಎಂದು ಅಮ್ಮ ಕೇಳಿದಾಗ ಲವೀನಾ ನನ್ನ ಮುಖ ನೋಡಿದಳು, ಬಾಯಿ ಬಿಡಲಿಲ್ಲ. ಆಗಲೂ ನನ್ನನ್ನು ಕಾಪಾಡುತ್ತಿದ್ದಳು. ನಾನು ಅಮ್ಮನ ಎದುರು ಕುರ್ಚಿ ಎಳೆದು ಕೂತು, ಮೊದಲಿನಿಂದ ಎಲ್ಲವನ್ನೂ ಹೇಳಿದೆ.